ದೌರೊ ನದಿಯ ಅಳಿವೆಯವರೆಗೆ: ಅಮ್ಮನ ಜೊತೆ ಪೋರ್ಟೊದಲ್ಲಿ ಐದು ದಿನ

ಅಮ್ಮ ಮಂಗಳೂರಿನಿಂದ ಮೂರು ತಿಂಗಳಿಗೆಂದು ಜರ್ಮನಿಗೆ, ನನ್ನ ಮನೆಗೆ ಬಂದಿದ್ದರು. ಎಲ್ಲಿಗಾದರೂ ಹೋಗೋಣ ಅಂದಾಗ ಅವರದು ಒಂದೇ ಮಾತು. "ನದಿ ಇರುವ ಊರಿಗೆ ಕರ್ಕೊಂಡು ಹೋಗು ಮಗಾ. ಸಮುದ್ರವೂ ಹತ್ತಿರ ಇರಲಿ." ಅವರ ತವರು ಪಾಣೆಮಂಗಳೂರು. ನೇತ್ರಾವತಿಯ ದಡದಲ್ಲೇ ಬೆಳೆದವರು. ಹಾಗಾಗಿ ಪೋರ್ಚುಗಲ್‌ನ ಪೋರ್ಟೊ ಎಂದು ತೀರ್ಮಾನವಾಯಿತು. ಅಮ್ಮನಿಗೆ 68 ವರ್ಷ, ಮಂಡಿನೋವು ಬೇರೆ. ಆ ಊರೆಲ್ಲ ಏರು, ಇಳಿಜಾರು, ಮೆಟ್ಟಿಲು ಎಂದು ಗೆಳತಿಯರು ಹೆದರಿಸಿದ್ದರು. ಅದು ನಿಜವೇ. ಆದರೂ ಹೋಗಿ ಬಂದೆವು. ಜೂನ್ 20ರಿಂದ 24ರವರೆಗೆ ಅಲ್ಲಿದ್ದೆವು.

ಮೊದಲ ದಿನ

ವಿಮಾನ ನಿಲ್ದಾಣದಿಂದ ಊರೊಳಗೆ ಮೆಟ್ರೊದಲ್ಲಿ ಅರ್ಧ ಗಂಟೆ. ಅಂದಾಂತೆ ಎಂಬ ಕಾರ್ಡ್ ಕೊಂಡು ದುಡ್ಡು ತುಂಬಿಸಿಕೊಂಡರೆ ಸಾಕು. ಆದರೆ ಗೇಟು ಇರುವುದಿಲ್ಲ. ಪ್ರತಿ ಸಲ ಹತ್ತುವ ಮೊದಲು ನೆನಪಿಟ್ಟು ಹಳದಿ ಯಂತ್ರಕ್ಕೆ ಕಾರ್ಡ್ ಮುಟ್ಟಿಸಬೇಕು.

ರೂಮಿನಲ್ಲಿ ಬ್ಯಾಗ್ ಇಟ್ಟು ಮೊದಲು ಹೋಗಿದ್ದು ಸಾಂವ್ ಬೆಂತೊ ರೈಲು ನಿಲ್ದಾಣಕ್ಕೆ. ರೈಲು ಹಿಡಿಯಲು ಅಲ್ಲ, ಗೋಡೆ ನೋಡಲು. ಒಳಗೆ ಕಾಲಿಟ್ಟರೆ ನಾಲ್ಕೂ ಕಡೆ ನೀಲಿ. ಸುಮಾರು 20,000 ಹೆಂಚುಬಿಲ್ಲೆಗಳ ಮೇಲೆ ಜೋರ್ಜ್ ಕೊಲಾಸೊ ಎಂಬ ಕಲಾವಿದ ಬಿಡಿಸಿದ ಚಿತ್ರಗಳು. ಇವಕ್ಕೆ ಅಲ್ಲಿ ಆಜುಲೇಜು ಎನ್ನುತ್ತಾರೆ. ರಾಜರ ಮೆರವಣಿಗೆ, ಯುದ್ಧ, ಕುದುರೆಗಳು, ಎತ್ತಿನ ಗಾಡಿ, ದ್ರಾಕ್ಷಿ ಕೊಯ್ಯುವ ಹೆಂಗಸರು. ಈ ಜಾಗದಲ್ಲಿ ಮೊದಲು ಸನ್ಯಾಸಿನಿಯರ ಮಠ ಇತ್ತು. ನಿಲ್ದಾಣ ತೆರೆದಿದ್ದು 1916ರಲ್ಲಿ. ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಜನ ಅದರ ನಡುವೆಯೇ ಓಡಾಡುತ್ತಾರೆ. ಟಿಕೆಟ್ ಇಲ್ಲದೆ, ಸಾಲು ಇಲ್ಲದೆ, ಇಷ್ಟು ಚೆಂದದ ಜಾಗ ಯುರೋಪಿನಲ್ಲಿ ನಾನು ಬೇರೆ ಕಂಡಿಲ್ಲ. ಅಮ್ಮ ಕಂಬದ ಬುಡದಲ್ಲಿ ನಿಂತು ಅರ್ಧ ಗಂಟೆ ನೋಡಿದರು.

ಅಲ್ಲಿಂದ ನದಿಗೆ ಇಳಿಯುವ ದಾರಿ ಸುಲಭ. ಹೂವಿನ ಬೀದಿ ಎಂದೇ ಹೆಸರಿರುವ ಗಲ್ಲಿಯೊಂದು ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಕಾಲಕೆಳಗೆ ಗ್ರಾನೈಟ್ ಕಲ್ಲು. ಎರಡೂ ಕಡೆ ಕಿರಿದಾದ, ಎತ್ತರದ ಮನೆಗಳು. ಕಬ್ಬಿಣದ ಬಾಲ್ಕನಿಗಳಲ್ಲಿ ಬಟ್ಟೆ ಒಣಗಲು ಹಾಕಿದ್ದರು. ಲುಂಗಿಯೊಂದು ಕಡಿಮೆ, ಅಷ್ಟೇ. ಕೊನೆಗೆ ಮನೆಗಳ ನಡುವೆ ಒಂದು ಸಂದು ತೆರೆದುಕೊಂಡಿತು. ಅಲ್ಲಿ ದೌರೊ ನದಿ.

ರಾತ್ರಿ ಒಂಬತ್ತಾದರೂ ಬಿಸಿಲಿತ್ತು. ರಿಬೇರಾ ಎಂಬ ಹಳೆಯ ದಡದಲ್ಲಿ ಕೂತು ಊಟ ಮಾಡಿದೆವು. ಕೇಳದೆಯೇ ಬ್ರೆಡ್ಡು, ಆಲಿವ್ ತಂದಿಟ್ಟರು. ಅದು ಪುಕ್ಕಟೆ ಅಲ್ಲ. ಬೇಡವಾದರೆ ಮುಟ್ಟದೆ ವಾಪಸ್ ಕಳಿಸಬೇಕು. ಮುಟ್ಟಿದರೆ ಬಿಲ್ಲಿಗೆ ಬರುತ್ತದೆ. ನಾವು ಮುಟ್ಟಿದೆವು, ಏಕೆಂದರೆ ಬ್ರೆಡ್ಡು ಬಿಸಿ ಇತ್ತು. ಆಮೇಲೆ ಬಂದಿದ್ದು ಟೊಮೆಟೊ ಅನ್ನ. ನಮ್ಮ ಟೊಮೆಟೊ ಬಾತ್ ಹಾಗಲ್ಲ, ಗಂಜಿಗಿಂತ ಸ್ವಲ್ಪ ಗಟ್ಟಿ, ಚಮಚದಲ್ಲಿ ತಿನ್ನುವಂಥದ್ದು. ಯುರೋಪಿನಲ್ಲಿ ತಲಾ ಲೆಕ್ಕದಲ್ಲಿ ಅನ್ನ ಜಾಸ್ತಿ ತಿನ್ನುವವರು ಪೋರ್ಚುಗೀಸರೇ. ಮೂರು ವಾರದಿಂದ ಜರ್ಮನಿಯ ಊಟಕ್ಕೆ ಹೊಂದಿಕೊಳ್ಳಲು ಕಷ್ಟಪಟ್ಟಿದ್ದ ಅಮ್ಮ ತಟ್ಟೆ ಖಾಲಿ ಮಾಡಿದರು. ಖಾರ ಮಾತ್ರ ಸ್ವಲ್ಪವೂ ಇರಲಿಲ್ಲ. "ನಮಗೆ ಮೆಣಸಿನಕಾಯಿ ತಂದು ಕೊಟ್ಟವರು ಇವರೇ ಅಲ್ವಾ? ತಮಗೆ ಒಂದೂ ಇಟ್ಕೊಂಡಿಲ್ವಾ?" ಎಂದು ಕೇಳಿದರು. ಕೇಳಿದರೆ ಪಿರಿಪಿರಿ ಎಂಬ ಮೆಣಸಿನ ಎಣ್ಣೆ ತಂದು ಕೊಡುತ್ತಾರೆ. ಕೇಳಲೇಬೇಕು.

ಎರಡನೇ ದಿನ

ಬೆಳಿಗ್ಗೆ ನದಿಯ ಮೇಲೆ ಮಂಜು. ಆಚೆ ದಡ ಕಾಣುತ್ತಲೇ ಇರಲಿಲ್ಲ. ಎರಡು ಅಟ್ಟದ ದೊಡ್ಡ ಸೇತುವೆಯ ಮೇಲಿನ ಅಟ್ಟ ಮಾತ್ರ ಗಾಳಿಯಲ್ಲಿ ತೇಲಿದ ಹಾಗಿತ್ತು.

ರಿಬೇರಾದ ಗೋಡೆಯಲ್ಲಿ ಒಂದು ಕಂಚಿನ ಫಲಕ ಇದೆ. ಜನ ಓಡುವ ದೃಶ್ಯ, ನೀರಿಗೆ ಬೀಳುವ ದೃಶ್ಯ. ಕೆಳಗೆ ಮೇಣದಬತ್ತಿಗಳು ಉರಿಯುತ್ತಿದ್ದವು. 1809ರ ಮಾರ್ಚ್ 29ರಂದು ನೆಪೋಲಿಯನ್ನನ ಸೈನ್ಯ ಈ ಊರಿಗೆ ನುಗ್ಗಿತು. ಆಗ ನದಿಗೆ ಇದ್ದಿದ್ದು ದೋಣಿಗಳನ್ನು ಸಾಲಾಗಿ ಕಟ್ಟಿ ಮಾಡಿದ ಸೇತುವೆ. ಜೀವ ಉಳಿಸಿಕೊಳ್ಳಲು ಊರಿಗೆ ಊರೇ ಅದರ ಮೇಲೆ ಓಡಿತು. ಸೇತುವೆ ಮುರಿಯಿತು. ಸತ್ತವರ ಲೆಕ್ಕ ಸಾವಿರಗಳಲ್ಲಿ. ಇನ್ನೂರು ವರ್ಷ ಕಳೆದರೂ ಬತ್ತಿ ಆರಿಲ್ಲ. ತರಕಾರಿ ಚೀಲ ಹಿಡಿದ ಒಬ್ಬ ಅಜ್ಜಿ ಬಂದು, ಒಂದು ಬತ್ತಿ ಹಚ್ಚಿ, ಎದೆಯ ಮೇಲೆ ಶಿಲುಬೆ ಗುರುತು ಮಾಡಿ ಹೊರಟರು. ಅಮ್ಮನೂ ಒಂದು ಹಚ್ಚಿದರು.

ಈ ನದಿ ಈಗ ಶಾಂತವಾಗಿ ಕಾಣುತ್ತದೆ. ಮೇಲೆ ಅಣೆಕಟ್ಟುಗಳು ಬಂದಿವೆ. ಮೊದಲು ಹೀಗಿರಲಿಲ್ಲ. 1909ರ ಡಿಸೆಂಬರ್ ನೆರೆಯಲ್ಲಿ ನೀರು ದೊಡ್ಡ ಸೇತುವೆಯ ಕೆಳಗಿನ ಅಟ್ಟದ ಹತ್ತಿರಕ್ಕೇ ಏರಿತ್ತು. ಎಷ್ಟನೇ ಇಸವಿಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂದು ಗೋಡೆಯ ಮೇಲೆ ಗೆರೆ ಹಾಕಿದ್ದಾರೆ. ಅಮ್ಮ ಆ ಗೆರೆಯ ಪಕ್ಕ ನಿಂತು ಕೈ ಎತ್ತಿ ಅಳೆದರು. ಕೈ ಸಾಲಲಿಲ್ಲ. ಆಮೇಲೆ 1974ರ ನೆರೆಯ ಕಥೆ ಹೇಳಿದರು. ಆಗ ಅವರಿಗೆ 17 ವರ್ಷ. ಬಂಟ್ವಾಳ ಪೇಟೆಗೆ ನೇತ್ರಾವತಿ ನುಗ್ಗಿದ್ದು, ಅಕ್ಕಿಮುಡಿಗಳನ್ನು ಅಟ್ಟಕ್ಕೆ ಏರಿಸಿದ್ದು, ಹಟ್ಟಿಯ ದನಗಳ ಹಗ್ಗ ಬಿಚ್ಚಿ ಗುಡ್ಡಕ್ಕೆ ಅಟ್ಟಿದ್ದು. ಇಷ್ಟು ವಿವರವಾಗಿ ನನಗೆ ಹಿಂದೆ ಯಾವತ್ತೂ ಹೇಳಿರಲಿಲ್ಲ.

ಆ ದೊಡ್ಡ ಸೇತುವೆಯ ಹೆಸರು ದೊಂ ಲುಯೀಸ್. ತೆರೆದಿದ್ದು 1886ರಲ್ಲಿ. ಕಬ್ಬಿಣದ ಒಂದೇ ಕಮಾನು, ಉದ್ದ 172 ಮೀಟರ್. ಐಫೆಲ್‌ನ ಜೊತೆ ಮೊದಲು ಪಾಲುದಾರನಾಗಿದ್ದ ಸೆರಿಗ್ ಎಂಬ ಇಂಜಿನಿಯರ್ ಇದನ್ನು ರೂಪಿಸಿದ್ದು. ಮೇಲಿನ ಅಟ್ಟದಲ್ಲಿ ಮೆಟ್ರೊ ಓಡುತ್ತದೆ, ಪಕ್ಕದಲ್ಲೇ ಜನ ನಡೆಯುತ್ತಾರೆ. ನಾವು ಮೇಲಿನಿಂದಲೇ ದಾಟಿದೆವು. ಮಂಜು ಹರಿದಾಗ ಕೆಳಗೆ ಕೆಂಪು ಹೆಂಚಿನ ಮಾಡುಗಳು ಒಂದರ ಮೇಲೊಂದು ಪೇರಿಸಿದ ಹಾಗೆ ಕಂಡವು. 1865ರಲ್ಲಿ ನೇತ್ರಾವತಿ ದಡದಲ್ಲಿ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆ ಶುರುವಾದ ಊರಿನವರಿಗೆ ಹೆಂಚಿನ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ. ಇವು ನಮ್ಮ ಚಪ್ಪಟೆ ಹೆಂಚಲ್ಲ, ಅರ್ಧ ಕೊಳವೆಯಂಥ ನಾಡಹೆಂಚು ಎಂದು ಅಮ್ಮ ಅಷ್ಟು ಎತ್ತರದಿಂದಲೇ ಹೇಳಿದರು.

ಆಚೆ ದಡ ಗಾಯಾ. ಅದು ಬೇರೆಯೇ ಊರು. ಸೇತುವೆಯ ಬದಿಯಿಂದ ಕೇಬಲ್ ಕಾರಿನಲ್ಲಿ ಕೆಳಗಿನ ದಡಕ್ಕೆ ಇಳಿಯಬಹುದು, ಮಂಡಿಗೆ ಒಳ್ಳೆಯದು. ಪೋರ್ಟ್ ವೈನಿನ ಹಳೆಯ ಗೋದಾಮುಗಳೆಲ್ಲ ಇಲ್ಲಿವೆ. ದ್ರಾಕ್ಷಿ ಬೆಳೆಯುವುದು ನೂರು ಕಿಲೋಮೀಟರಿನಷ್ಟು ಮೇಲೆ, ಬಿಸಿ ಕಣಿವೆಯಲ್ಲಿ. ರಸ ಹುಳಿಯುತ್ತಿರುವಾಗಲೇ ನಡುವೆ ದ್ರಾಕ್ಷಿಯ ಸಾರಾಯಿ ಸೇರಿಸುತ್ತಾರೆ. ಹುದುಗು ಅಲ್ಲಿಗೆ ನಿಲ್ಲುತ್ತದೆ, ಸಿಹಿ ಉಳಿಯುತ್ತದೆ. ಆಮೇಲೆ ಅದನ್ನು ಈ ತಂಪು ದಡಕ್ಕೆ ತಂದು ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಗೋದಾಮಿನ ಒಳಗೆ ಕತ್ತಲು, ತೇವ, ಬೆಲ್ಲದ ಡಬ್ಬಿ ತೆರೆದ ಹಾಗೆ ವಾಸನೆ. ನಾನು ಒಂದು ಗುಟುಕು ಕುಡಿದೆ. ಅಮ್ಮ ಕುಡಿಯುವುದಿಲ್ಲ. ಪೀಪಾಯಿಗಳ ಜೋಡಣೆ ನೋಡುತ್ತಾ ನಿಂತಿದ್ದರು.

ವಾಪಸ್ ಬರುವಾಗ ತಪ್ಪು ಮಾಡಿದೆ. ಈಚೆ ದಡದಿಂದ ಮೇಲಕ್ಕೆ ಎಳೆಯುವ ಪುಟ್ಟ ರೈಲಿದೆ, ಗಿಂದಾಯಿಶ್ ಫ್ಯುನಿಕ್ಯುಲರ್. ಅದರ ಮುಂದೆ ಉದ್ದ ಸಾಲು. ಪಕ್ಕದಲ್ಲೇ 14ನೇ ಶತಮಾನದ ಕೋಟೆಗೋಡೆಯ ಬದಿಗೆ ಮೆಟ್ಟಿಲುಗಳಿದ್ದವು. ನಿಧಾನಕ್ಕೆ ಹತ್ತೋಣ ಅಂದೆ. ಅರ್ಧ ದಾರಿಯಲ್ಲಿ ಅಮ್ಮನ ಚಪ್ಪಲಿಯ ಪಟ್ಟಿ ಕಿತ್ತು ಬಂತು. ಮಂಡಿ ಬೇರೆ ಹಿಡಿದುಕೊಂಡಿತು. ಕಲ್ಲಿನ ಮೆಟ್ಟಿಲ ಮೇಲೆ ಕೂತ ಅವರನ್ನು ನೋಡಿ ನನಗೆ ಅಳುವೇ ಬಂತು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಸಾಲಿನಲ್ಲಿ ನಿಲ್ಲಿ. ಕಾರ್ಡ್ ಬೇರೆ, ಇದರ ಟಿಕೆಟ್ ಬೇರೆ, ಆದರೂ ಆ ದುಡ್ಡು ದಂಡ ಅಲ್ಲ.

ಮೇಲೆ ಬಂದ ಮೇಲೆ ಯಾರೋ ಚಪ್ಪಲಿ ರಿಪೇರಿ ಅಂಗಡಿ ತೋರಿಸಿದರು. ಬಾಗಿಲಷ್ಟೇ ಅಗಲದ ಅಂಗಡಿ. ಎಪ್ಪತ್ತು ದಾಟಿದ ಅಜ್ಜ. ಪಟ್ಟಿ ಹೊಲಿಯುತ್ತಾ ಎಲ್ಲಿಯವರು ಎಂದು ಮುರುಕು ಇಂಗ್ಲಿಷಿನಲ್ಲಿ ಕೇಳಿದರು. ಇಂಡಿಯಾ, ಗೋವಾದಿಂದ ಕೆಳಗೆ ಅಂದೆ. ಮುಖ ಅರಳಿತು. ಅವರು ಹುಟ್ಟಿದ್ದು ಮೊಜಾಂಬಿಕ್‌ನಲ್ಲಂತೆ, ಪಕ್ಕದ ಮನೆಯವರು ಗೋವಾದವರಂತೆ. ಗೋಡೆಯ ಮೇಲೆ ಬೀಗದ ಕೈಗಳ ಸಾಲು ತೂಗುತ್ತಿತ್ತು. ಅಲ್ಲಿ ಚಪ್ಪಲಿ ಹೊಲಿಯುವವರೇ ಕೀಲಿಯನ್ನೂ ಕಡೆಯುತ್ತಾರೆ. ಅಮ್ಮ ಅದನ್ನು ತೋರಿಸಿ, "ಚಾವಿಯೂ ಮಾಡ್ತಾರೆ ಇವರು" ಎಂದು ನನಗೆ ಹೇಳಿದರು.

ಅಜ್ಜನ ಕೈ ನಿಂತಿತು. "ಶಾವ್?" ಅಂದರು. "ಚಾವಿ," ಅಂದರು ಅಮ್ಮ. "ಶಾವ್!" ಅಜ್ಜ.

ನಮಗೆ ಗೊತ್ತಿದ್ದೂ ಗೊತ್ತಿಲ್ಲದ ಸಂಗತಿ ಇದು. ಚಾವಿ ಪೋರ್ಚುಗೀಸರ ಮಾತು. ಈಗ ಅವರು ಶಾವ್ ಎನ್ನುತ್ತಾರೆ. ಆದರೆ 16ನೇ ಶತಮಾನದಲ್ಲಿ, ನಮ್ಮ ಕರಾವಳಿಗೆ ಅವರ ಹಡಗು ಬಂದಾಗ, ಆ ಅಕ್ಷರವನ್ನು ಚ ಎಂದೇ ಹೇಳುತ್ತಿದ್ದರು. ಲಿಸ್ಬನ್ನಿನಲ್ಲಿ ಹೋದ ಹಳೆಯ ಉಚ್ಚಾರ ಪಾಣೆಮಂಗಳೂರಿನಲ್ಲಿ ಉಳಿದಿದೆ. ಅಮ್ಮನಿಗೆ ಹುರುಪು ಬಂತು. ಮೇಜು ತಟ್ಟಿ "ಮೇಜು" ಅಂದರು. ಅಜ್ಜ "ಮೇಜಾ" ಅಂದರು. ಕಿಟಕಿ ತೋರಿಸಿ "ಜನೆಲು". "ಜನೆಲಾ". ಇಗರ್ಜಿಗೆ ಇಗ್ರೇಜಾ, ಪಾದ್ರಿಗೆ ಪಾದ್ರ್, ಬಟಾಟೆಗೆ ಬತಾತಾ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದು ಬಾಗಿಲಲ್ಲಿ ನಿಂತು ನಗುತ್ತಿದ್ದ. ಹೊಲಿಗೆಗೆ ನಾಲ್ಕು ಯೂರೊ ಆಯಿತು. ಆ ಪಟ್ಟಿ ಇವತ್ತಿಗೂ ಗಟ್ಟಿಯಾಗಿದೆ.

ಮೂರನೇ ದಿನ

ದೌರೊ ಕಣಿವೆಗೆ ರೈಲು. ಪಿನ್ಯಾಂವ್ ಎಂಬ ಊರಿಗೆ ಎರಡೂವರೆ ಗಂಟೆ. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಮೊದಲ ಒಂದು ಗಂಟೆ ಏನೂ ವಿಶೇಷ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಹಳಿಯ ಪಕ್ಕದಲ್ಲೇ ನದಿ ಬರುತ್ತದೆ, ಮತ್ತೆ ಬಿಡುವುದೇ ಇಲ್ಲ.

ಎರಡೂ ದಡದ ಗುಡ್ಡಗಳಿಗೆ ಬುಡದಿಂದ ತಲೆಯವರೆಗೆ ಕಲ್ಲಿನ ಕಟ್ಟೆ. ಒಂದೊಂದು ಕಟ್ಟೆಯ ಮೇಲೆ ಒಂದೆರಡು ಸಾಲು ದ್ರಾಕ್ಷಿ ಬಳ್ಳಿ. ಮಣ್ಣು ಎಂಬುದೇ ಇರಲಿಲ್ಲ. ಪದರು ಪದರಾದ ಕಲ್ಲನ್ನು ಒಡೆದು ಪುಡಿ ಮಾಡಿ, ಅದನ್ನೇ ಮಣ್ಣು ಮಾಡಿಕೊಂಡರು. ಇಲ್ಲಿಯ ವೈನಿಗೆ ಗಡಿ ಗುರುತಿಸಿದ್ದು 1756ರಲ್ಲಿ, ಮಂತ್ರಿ ಪೊಂಬಾಲ್ ಕಾಲದಲ್ಲಿ. ಕಣಿವೆಯ ಒಂದು ಭಾಗ 2001ರಿಂದ ವಿಶ್ವ ಪರಂಪರೆಯ ತಾಣ. ಯಾರೂ ಹೆಸರು ಬರೆದಿಡದ ಕೂಲಿಗಳು ಕೈಯಲ್ಲಿ ಕಟ್ಟಿದ ಗೋಡೆಗಳಿವು. ಗುಡ್ಡ ಕಡಿದು ಗದ್ದೆ, ತೋಟ ಮಾಡಿದವರ ಮನೆಯಲ್ಲಿ ಹುಟ್ಟಿದ ಅಮ್ಮ ರೈಲಿನಲ್ಲಿ ಮಾತೇ ಆಡಲಿಲ್ಲ. ಗೋಡೆ ಲೆಕ್ಕ ಹಾಕುತ್ತಿದ್ದೆ, ಒಂದು ಗುಡ್ಡಕ್ಕೇ ನಲವತ್ತು ದಾಟಿತು ಎಂದು ಆಮೇಲೆ ಹೇಳಿದರು.

ಪಿನ್ಯಾಂವ್‌ನಲ್ಲಿ ಕೆಂಡದಂಥ ಬಿಸಿಲು. ನಿಲ್ದಾಣದ ಗೋಡೆಯಲ್ಲಿ 1937ರ 24 ಹೆಂಚುಚಿತ್ರಗಳಿವೆ, ದ್ರಾಕ್ಷಿ ಕೊಯ್ಲಿನದ್ದು, ದೋಣಿಗಳದ್ದು. ಅದನ್ನು ನೋಡಿ, ಮರದ ನೆರಳಿನಲ್ಲಿ ಕೂತು ಹಣ್ಣು ತಿಂದು, ಮಧ್ಯಾಹ್ನದ ರೈಲಿಗೆ ವಾಪಸ್ ಬಂದೆವು. ನೀರು, ಟೋಪಿ ಮರೆಯಬೇಡಿ. ಪೋರ್ಟೊದ ತಂಪು ನೋಡಿ ನಾವು ಮೋಸ ಹೋದೆವು.

ನಾಲ್ಕನೇ ದಿನ

ಜೂನ್ 23. ಈ ದಿನಕ್ಕಾಗಿಯೇ ತಾರೀಕು ಹೊಂದಿಸಿಕೊಂಡಿದ್ದು. ರಾತ್ರಿ ಸಾಂ ಜುವಾಂವ್, ಅಂದರೆ ಸಂತ ಯೋಹಾನನ ಹಬ್ಬ. ಗೋವಾದವರು ಹೂವಿನ ಕಿರೀಟ ಇಟ್ಟು ಬಾವಿಗೆ ಹಾರುವ ಹಬ್ಬವೂ ಇದೇ ಸಂತನದು.

ಬೆಳಿಗ್ಗೆ ಬುಲ್ಯಾಂವ್ ಮಾರುಕಟ್ಟೆಗೆ ಹೋದೆವು. ಮೀನಿನ ಸಾಲಿನಲ್ಲಿ ಬೂತಾಯಿಯ ಅಣ್ಣನಂಥ ಮೀನು ಗುಡ್ಡೆ ಗುಡ್ಡೆ. ಪಕ್ಕದಲ್ಲಿ ದೊಡ್ಡ ಹಲಗೆಗಳ ಹಾಗೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಒಣಮೀನಿನ ವಾಸನೆಗೆ ಅಮ್ಮನಿಗೆ ಬಂದರಿನ ನೆನಪಾಯಿತು. ಹಣ್ಣಿನ ಅಂಗಡಿಯಲ್ಲಿ ಅನಾನಸ್ ಎಂದೇ ಬರೆದಿದ್ದರು, ಓದಿ ಹೇಳಿದೆ.

ಎಲ್ಲ ಅಂಗಡಿಯ ಮುಂದೆಯೂ ಪುಟ್ಟ ಕುಂಡಗಳು. ಅದರಲ್ಲಿ ಚೆಂಡಿನಂತೆ ದುಂಡಗೆ ಬೆಳೆದ ಸಣ್ಣೆಲೆಯ ಗಿಡ, ಕಾಗದದ ಹೂವು, ನಾಲ್ಕು ಸಾಲಿನ ಪದ್ಯದ ಚೀಟಿ. ಮಂಜೆರಿಕು. ತುಳಸಿಯ ಬಳಗದ ಗಿಡವೇ. ಅಮ್ಮ ಎತ್ತಿ ಮೂಸಲು ಹೋದರು. ಅಂಗಡಿಯಾಕೆ ತಡೆದರು. ಅಂಗೈಯನ್ನು ಎಲೆಗಳ ಮೇಲೆ ಮೆಲ್ಲಗೆ ಸವರಿ, ಆ ಕೈಯನ್ನು ಮೂಸಬೇಕಂತೆ. ಮೂಗು ತಾಗಿದರೆ ಗಿಡ ಸಾಯುತ್ತದೆ ಎಂದು ನಂಬಿಕೆ. "ದೇವರಿಗೆ ಇಡುವ ಹೂವನ್ನು ನಾವೂ ಮೂಸುವುದಿಲ್ಲ, ಹೇಳು ಅವರಿಗೆ" ಅಂದರು ಅಮ್ಮ. ಹೇಳಿದೆ. ಆಕೆ ತಲೆಯಾಡಿಸಿ, ಗಿಡಕ್ಕೆ ಒಂದು ಕವರ್ ಜಾಸ್ತಿ ಸುತ್ತಿ ಕೊಟ್ಟರು.

ಸಂಜೆಯಾಗುತ್ತಿದ್ದ ಹಾಗೆ ಇಡೀ ಊರು ಬೀದಿಗೆ ಬಂತು. ಗಲ್ಲಿ ಗಲ್ಲಿಯಲ್ಲಿ ಇದ್ದಿಲ ಒಲೆ, ಮೀನು ಸುಡುವ ಹೊಗೆ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಸುತ್ತಿಗೆ. ಎದುರಿಗೆ ಬಂದವರ ತಲೆಗೆ ಮೆಲ್ಲಗೆ ಹೊಡೆಯುತ್ತಾರೆ, ಕೀಂಯ್ ಎಂದು ಸದ್ದಾಗುತ್ತದೆ. ಗುರುತು ಪರಿಚಯ ಬೇಕಿಲ್ಲ. ಹಿಂದೆ ಉದ್ದ ದಂಟಿನ ಬೆಳ್ಳುಳ್ಳಿ ಹೂವನ್ನು ಮುಖಕ್ಕೆ ಸವರುತ್ತಿದ್ದರಂತೆ, ಹಿರಿಯರು ಈಗಲೂ ಅದನ್ನೇ ಹಿಡಿದಿರುತ್ತಾರೆ. ನಾಲ್ಕು ವರ್ಷದ ಹುಡುಗಿಯೊಬ್ಬಳು ಅಪ್ಪನ ಹೆಗಲಿಂದ ಬಗ್ಗಿ ಅಮ್ಮನಿಗೆ ಹೊಡೆದಳು. ಆಮೇಲೆ ತನ್ನ ತಲೆ ಒಡ್ಡಿ ಕಾದಳು. ಅಮ್ಮ ಎರಡು ಸಲ ಹೊಡೆದರು.

ಹತ್ತು ಗಂಟೆಯ ಹೊತ್ತಿಗೆ ಜನಸಾಗರದಲ್ಲಿ ಅಮ್ಮನ ಕೈ ತಪ್ಪಿತು. ಅವರ ಫೋನ್ ನನ್ನ ಬ್ಯಾಗಿನಲ್ಲಿ. ಭಾಷೆ ಬರುವುದಿಲ್ಲ. ಹತ್ತು ಹನ್ನೆರಡು ನಿಮಿಷ ಇರಬಹುದು, ಅಷ್ಟು ಹೆದರಿದ್ದು ನೆನಪಿಲ್ಲ. ಬಂದ ಗಲ್ಲಿಯಲ್ಲೇ ಹಿಂದಕ್ಕೆ ನುಗ್ಗುತ್ತಾ ಹೋದೆ. ಒಂದು ಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಮ್ಮ ಕೂತಿದ್ದರು. ಕೈಯಲ್ಲಿ ತಟ್ಟೆ. ಬ್ರೆಡ್ಡಿನ ಮೇಲೆ ಸುಟ್ಟ ಮೀನು. ಪಕ್ಕದಲ್ಲಿ ಅವರಷ್ಟೇ ವಯಸ್ಸಿನ ಹೆಂಗಸು ಒಲೆಗೆ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದರು. ಅಮ್ಮ ಗಾಬರಿಯಲ್ಲಿ ನಿಂತಿದ್ದನ್ನು ಕಂಡು ಅವರೇ ಕೈ ಹಿಡಿದು ಕೂರಿಸಿದ್ದು. "ಎಲ್ಲಿಗೆ ಹೋಗಿದ್ದಿ ಮಾರಾಯ್ತಿ? ನಾನು ಇಲ್ಲೇ ಇದ್ದೇನೆ. ಮೀನು ತಿನ್ನು, ಉಪ್ಪು ಬಿಟ್ಟು ಏನೂ ಹಾಕಿಲ್ಲ, ಆದರೂ ರುಚಿ ನೋಡು." ನನಗೆ ತಿನ್ನಲು ಸ್ವಲ್ಪ ಹೊತ್ತು ಬೇಕಾಯಿತು. ಆ ರಾತ್ರಿ ಹೋಗುವವರು ಒಬ್ಬೊಬ್ಬರ ಕೈಯಲ್ಲೂ ಫೋನ್, ರೂಮಿನ ವಿಳಾಸದ ಚೀಟಿ ಇರುವ ಹಾಗೆ ನೋಡಿಕೊಳ್ಳಿ. ರೂಮು ನಡೆದು ಹೋಗುವಷ್ಟು ಹತ್ತಿರ ಇರಲಿ.

ಮಧ್ಯರಾತ್ರಿ ನದಿಯ ಮೇಲೆ ಬಾಣಬಿರುಸು. ಆ ಮನೆಯ ಮಹಡಿಯ ಜನೆಲಿನಿಂದಲೇ ನೋಡಿದೆವು. ಕಬ್ಬಿಣದ ಕಮಾನು ಕೆಂಪಾಗಿ, ಹಸಿರಾಗಿ, ಮತ್ತೆ ಕಪ್ಪಾಯಿತು. ಕೆಳಗೆ ನೀರಿನಲ್ಲಿ ಅದೇ ಇನ್ನೊಮ್ಮೆ.

ಐದನೇ ದಿನ

24 ಊರಿಗೆ ರಜೆ. ಬೀದಿ ತುಂಬ ಮುರಿದ ಸುತ್ತಿಗೆಗಳು. ಹಿಂದೆ ವೈನ್ ಸಾಗಿಸುತ್ತಿದ್ದ ರಬೇಲು ದೋಣಿಗಳ ಪಂದ್ಯ ಈ ದಿನ ನಡೆಯುತ್ತದೆ. ಚಪ್ಪಟೆ ತಳ, ಹಿಂದುಗಡೆ ಉದ್ದನೆಯ ಹುಟ್ಟು, ಒಂದೇ ಚೌಕ ಹಾಯಿ. ಗಾಳಿ ಹಿಡಿದಾಗ ಹಾಯಿ ಉಬ್ಬಿ ಹೊರಡುವುದು ನೋಡಲು ಚೆಂದ.

ಟ್ರಾಮ್ ಹತ್ತುವ ಮೊದಲು ಇನ್ಫಾಂತೆ ಚೌಕದಲ್ಲಿ ನಿಂತೆವು. ರಾಜಕುಮಾರ ಹೆನ್ರಿ 1394ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಪೋರ್ಚುಗೀಸ್ ಹಡಗುಗಳನ್ನು ಆಫ್ರಿಕಾದ ದಡಗುಂಟ ಕಳಿಸಲು ಶುರು ಮಾಡಿದವನು. ಪ್ರತಿಮೆಯಲ್ಲಿ ಅವನ ಕೈ ಸಮುದ್ರದ ಕಡೆ ಚಾಚಿದೆ. ನಮ್ಮ ಕರಾವಳಿಯವರಿಗೆ ಆ ಬೆರಳು ಕೊನೆಗೆ ಎಲ್ಲಿಗೆ ಮುಟ್ಟಿತು ಎಂದು ಗೊತ್ತು. ಚಾವಿ, ಮೇಜಿನ ಜೊತೆಗೆ ತೋಪುಗಳೂ ಬಂದವು. ಕಪ್ಪ ಕೊಡುವುದಿಲ್ಲ ಎಂದು ಉಳ್ಳಾಲದ ಅಬ್ಬಕ್ಕ ನಿಂತಿದ್ದು ಇದೇ ಹಡಗುಗಳ ಎದುರಿಗೆ. ನಿನ್ನೆ ರಾತ್ರಿ ಮೀನು ಕೊಟ್ಟ ಆ ಹೆಂಗಸಿಗೆ ಇದು ಗೊತ್ತಿರಲಿಕ್ಕಿಲ್ಲ. ಅಬ್ಬಕ್ಕನ ಹೆಸರನ್ನು ನಾನು ಆ ಪ್ರತಿಮೆಯ ಮುಂದೆ ಗಟ್ಟಿಯಾಗಿಯೇ ಹೇಳಿದೆ.

ಒಂದನೇ ನಂಬರಿನ ಹಳೆಯ ಟ್ರಾಮು ನದಿಯ ಅಂಚಿನಲ್ಲೇ ಹೋಗಿ ಫೋಶ್‌ನಲ್ಲಿ ಬಿಡುತ್ತದೆ. ಫೋಶ್ ಎಂದರೆ ಅಳಿವೆ. ನದಿ ಸಮುದ್ರ ಸೇರುವ ಜಾಗಕ್ಕೆ ಬೇರೆ ಹೆಸರನ್ನೇ ಇಟ್ಟಿಲ್ಲ. ಜೂನ್ ಕೊನೆಯಲ್ಲೂ ಅಲ್ಲಿ ಗಾಳಿ ತಣ್ಣಗೆ ಕೊರೆಯುತ್ತದೆ, ಸ್ವೆಟರ್ ಬೇಕೇ ಬೇಕು. ಕಲ್ಲಿನ ತಡೆಗೋಡೆಯ ತುದಿಯಲ್ಲಿ ಸಣ್ಣ ದೀಪಸ್ತಂಭ. ಅದರಾಚೆ ಅಟ್ಲಾಂಟಿಕ್, ಬೂದು ಬಣ್ಣ.

ಅಮ್ಮ ಸೆರಗನ್ನು ಕಿವಿಗೆ ಸುತ್ತಿಕೊಂಡು ನೀರನ್ನೇ ನೋಡುತ್ತಿದ್ದರು. ನದಿಯ ನೀರು ಒಂದು ಬಣ್ಣ, ಸಮುದ್ರದ್ದು ಇನ್ನೊಂದು. ನಡುವೆ ನೊರೆಯ ಗೆರೆ. "ಉಳ್ಳಾಲದ ಕಡೆಯಿಂದ ನೋಡಿದರೂ ಹೀಗೇ ಕಾಣ್ತದೆ. ನೇತ್ರಾವತಿಯೂ ಫಲ್ಗುಣಿಯೂ ಒಟ್ಟಿಗೆ ಬಂದು ಸೇರುವಲ್ಲಿ."

ತಡೆಗೋಡೆಯ ಮೇಲೆ ಒಬ್ಬರು ಗಾಳ ಹಾಕಿ ಕೂತಿದ್ದರು. ಪಕ್ಕದಲ್ಲಿ ನೀಲಿ ಬಕೆಟ್. ಅಮ್ಮ ನನ್ನ ಕಡೆ ನೋಡಲೂ ಇಲ್ಲ. ನೇರ ಹೋಗಿ ಬಕೆಟ್ ತೋರಿಸಿ, "ಬಾಲ್ದಿ?" ಅಂದರು.

ಅವರು ಒಂದು ಕ್ಷಣ ಅಮ್ಮನ ಸೀರೆ ನೋಡಿದರು. "ಬಾಲ್ದ್," ಅಂದರು. ಆಮೇಲೆ ಬಕೆಟ್ಟನ್ನು ಅಮ್ಮನ ಕಡೆಗೆ ವಾಲಿಸಿ ಹಿಡಿದರು. ಒಳಗೆ ಎರಡು ಮೀನು, ಇನ್ನೂ ಆಡುತ್ತಿದ್ದವು.